ಕುಂತಿಲಾನಕ್ ಇರುವ ನಾಡಿನವರು ಸದಾಕೋಗೆ ಯಾಕೆ ಹೆದರಿದರು? ಇಂಡೋನೇಷ್ಯಾದಲ್ಲಿ ಜಪಾನಿ ಹಾರರ್

ಹೊಂಗೆ_ನೆರಳು

ಇಂಡೋನೇಷ್ಯನ್ ಭಾಷೆಯಲ್ಲಿ ಹಾರರ್ ಸಿನಿಮಾ ಬಗ್ಗೆ ಬರೆಯುವವರು ಜಪಾನಿ ಸಿನಿಮಾ ‘ರಿಂಗು’ವಿನ ದೆವ್ವ ಸದಾಕೋಳನ್ನು ತಮ್ಮ ನಾಡಿನ ದೆವ್ವ ಕುಂತಿಲಾನಕ್ ಜೊತೆ ಇಟ್ಟು ನೋಡದೆ ಇರುವುದು ಅಪರೂಪ. ಬಿಳಿ ಬಟ್ಟೆ, ಬಿಚ್ಚಿದ ಕೂದಲು, ಅನ್ಯಾಯವಾಗಿ ಸತ್ತ ಹೆಣ್ಣು. ಎರಡೂ ಒಂದೇ ಅನ್ನಿಸುವಷ್ಟು ಹತ್ತಿರ. ಹಾಗಿದ್ದ ಮೇಲೆ, ಚಿಕ್ಕಂದಿನಿಂದ ಇಂಥದ್ದೇ ದೆವ್ವದ ಕಥೆ ಕೇಳಿದವರಿಗೆ ಜಪಾನಿನದ್ದು ಹೊಸದಾಗಿ ಕಂಡಿದ್ದು ಯಾಕೆ? ಅಲ್ಲಿನ ಸಿನಿಮಾ ಅದರಿಂದ ಏನು ತೆಗೆದುಕೊಂಡಿತು? ಬರೀ ಕೂದಲು ಮತ್ತು ಬಿಳಿ ಗೌನೇನಾ? ಬಲ್ಲವರು ಸ್ವಲ್ಪ ಬಿಡಿಸಿ ಹೇಳಿ. ಕಥೆಯ ಕೊನೆ ಹೇಳಿದರೂ ಪರವಾಗಿಲ್ಲ.

ಕತ್ತಲ_ಕೋಣೆ

ಹೊಂಗೆಯವರೇ, ಮೊದಲು ರೂಪದ ವಿಷಯ ಮುಗಿಸಿಬಿಡೋಣ, ಅದು ಸುಲಭ. ಕುಂತಿಲಾನಕ್ ಅಂದರೆ ಬಸುರಿಯಾಗಿದ್ದಾಗಲೋ ಹೆರಿಗೆಯಲ್ಲೋ ಸತ್ತವಳು. ಮರದ ಮೇಲೆ ಕೂರುತ್ತಾಳೆ, ನಗುತ್ತಾಳೆ. ನಗು ದೂರದಲ್ಲಿ ಕೇಳಿದರೆ ಆಕೆ ಹತ್ತಿರದಲ್ಲಿದ್ದಾಳೆ ಅಂತ ನಂಬಿಕೆ. ಬರುವ ಮುಂಚೆ ದೇವಕಣಗಿಲೆ ಹೂವಿನ ವಾಸನೆ ಹರಡುತ್ತದೆ. ಜಾವಾದಲ್ಲಿ ಸ್ಮಶಾನದಲ್ಲಿ ನೆಡುವ ಮರವೇ ಅದು. ಕತ್ತಿನ ಹಿಂಭಾಗಕ್ಕೋ ನೆತ್ತಿಗೋ ಮೊಳೆ ಹೊಡೆದರೆ ಸಾಮಾನ್ಯ ಹೆಂಗಸಾಗಿಬಿಡುತ್ತಾಳೆ, ಮೊಳೆ ಕಿತ್ತರೆ ಮತ್ತೆ ದೆವ್ವ. ನಮ್ಮಲ್ಲಿ ಬಾಣಂತಿ ಸತ್ತರೆ ದೆವ್ವವಾಗುತ್ತಾಳೆ ಅನ್ನುವುದಕ್ಕೂ, ಕೇರಳದ ಯಕ್ಷಿಯ ತಲೆಗೆ ಮೊಳೆ ಹೊಡೆಯುವ ಕಥೆಗೂ ಇದು ತೀರ ದೂರದ್ದಲ್ಲ.

ಜಪಾನಿನ ‘ಯೂರೇ’ ಎಂಬ ದೆವ್ವದ ಬಿಳಿ ಬಟ್ಟೆ ಅಲ್ಲಿನವರು ಹೆಣಕ್ಕೆ ಉಡಿಸುವ ಕಿಮೊನೊ. ಇಂಡೋನೇಷ್ಯಾದಲ್ಲೂ ಬಿಳಿ ಅಂದರೆ ಹೆಣಕ್ಕೆ ಸುತ್ತುವ ಕಫನ್ ಬಟ್ಟೆ. ಆ ಬಟ್ಟೆಯ ಗಂಟು ಬಿಚ್ಚದೆ ಹೂತರೆ ಎದ್ದು ಬರುವ ‘ಪೊಚೊಂಗ್’ ಎಂಬ ದೆವ್ವ ಬೇರೆಯೇ ಇದೆ. ಹೀಗಾಗಿ ಜಪಾನಿನ ದೆವ್ವ ಯಾರು, ಯಾಕೆ ಬಿಳಿ ಉಟ್ಟಿದೆ ಎಂದು ಆ ಪ್ರೇಕ್ಷಕರಿಗೆ ಯಾರೂ ವಿವರಿಸಬೇಕಾಗಿರಲಿಲ್ಲ.

ಹೊಸದು ಇದ್ದದ್ದು ಬೇರೆ ಕಡೆ. ಅಧ್ಯಕ್ಷ ಸುಹಾರ್ತೊ ಆಳಿದ ಕಾಲದ ಇಂಡೋನೇಷ್ಯಾ ಹಾರರ್‌ನಲ್ಲಿ ದೆವ್ವಕ್ಕೆ ಮದ್ದು ಇದ್ದೇ ಇರುತ್ತಿತ್ತು. ಸಿಸ್ವೊರೊ ಗೌತಮ ಪುತ್ರ ನಿರ್ದೇಶಿಸಿದ, 1980ರ ದಶಕದ ಆರಂಭದ ‘ಪೆಂಗಾಬ್ದಿ ಸೇತಾನ್’ ತೆಗೆದುಕೊಳ್ಳಿ. ನಮಾಜು ಮರೆತ ಶ್ರೀಮಂತ ಕುಟುಂಬ, ಮನೆಯಲ್ಲಿ ಸತ್ತವರು ಏಳುತ್ತಾರೆ. ಕೊನೆಗೆ ಕಿಯಾಯಿ, ಅಂದರೆ ಊರಿನ ಧರ್ಮಗುರು, ಶಿಷ್ಯರ ಸಮೇತ ಬಂದು ಕುರಾನ್ ಪಠಿಸಿದಾಗ ಅವು ಸುಟ್ಟು ಹೋಗುತ್ತವೆ. ಕುಟುಂಬ ಮಸೀದಿಗೆ ಹೋಗುತ್ತದೆ. ಆ ಕಾಲದ ಸೆನ್ಸಾರ್ ಬಯಸುತ್ತಿದ್ದದ್ದೂ ಅದನ್ನೇ. ಎಷ್ಟು ಬೇಕಾದರೂ ಹೆದರಿಸಿ, ಕೊನೆಗೆ ಒಳ್ಳೆಯದು ಗೆಲ್ಲಲಿ.

ಈಗ ‘ರಿಂಗು’ ನೋಡಿ. 1998, ನಿರ್ದೇಶನ ಹಿದೆಯೋ ನಕಾತಾ, ಚಿತ್ರಕಥೆ ಹಿರೋಶಿ ತಕಾಹಾಶಿ, ಕೋಜಿ ಸುಜುಕಿಯವರ 1991ರ ಕಾದಂಬರಿ ಆಧಾರ. ಒಂದು ವಿಡಿಯೊ ಟೇಪು, ಅದನ್ನು ನೋಡಿದವರು 7 ದಿನದಲ್ಲಿ ಸಾಯುತ್ತಾರೆ. ಅದನ್ನು ನೋಡಿದ ಪತ್ರಕರ್ತೆ ರೇಕೊ, ಸದಾಕೋಳನ್ನು ಹಾಕಿದ ಬಾವಿಗೆ ಇಳಿಯುತ್ತಾಳೆ, ಕೆಸರು ನೀರಿನಲ್ಲಿ ಕೈಯಾಡಿಸುತ್ತಾಳೆ, ಸಿಕ್ಕ ತಲೆಬುರುಡೆಯನ್ನು ಎದೆಗೆ ಅವಚಿಕೊಳ್ಳುತ್ತಾಳೆ. ಆ ಕ್ಷಣ ಗಡುವು ದಾಟಿರುತ್ತದೆ, ಆಕೆ ಬದುಕಿದ್ದಾಳೆ. ಎಲುಬು ಸಿಕ್ಕಿತು, ಸಂಸ್ಕಾರ ಆಗುತ್ತದೆ, ಆತ್ಮಕ್ಕೆ ಶಾಂತಿ. ಜಾವಾದ ಪ್ರೇಕ್ಷಕನಿಗೂ ನಮಗೂ ಗೊತ್ತಿರುವ ಮುಕ್ತಾಯ ಇದೇ. ಮರುದಿನ ಆಕೆಯ ಮಾಜಿ ಗಂಡ ರ್ಯೂಜಿಯ ಮನೆಯಲ್ಲಿ ಟಿವಿ ತಾನಾಗಿ ಆನ್ ಆಗುತ್ತದೆ, ಬಾವಿಯಿಂದ ಕೈ ಮೇಲೆ ಬರುತ್ತದೆ. ಸಂಸ್ಕಾರದಿಂದ ಏನೂ ಆಗಿರಲಿಲ್ಲ. ರೇಕೊ ಉಳಿದದ್ದು ಟೇಪಿನ ನಕಲು ಮಾಡಿ ಇನ್ನೊಬ್ಬರಿಗೆ ತೋರಿಸಿದ್ದರಿಂದ. ಕೊನೆಯಲ್ಲಿ ಮಗನನ್ನು ಉಳಿಸಲು ಟೇಪು ಹಿಡಿದು ತನ್ನ ಅಪ್ಪನ ಮನೆಗೆ ಕಾರು ಓಡಿಸುತ್ತಾಳೆ.

ಇಂಡೋನೇಷ್ಯಾದಲ್ಲಿ ನಾಟಿದ್ದು ಇದೇ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ದೆವ್ವ ಪರಿಚಯದ್ದು, ಆದರೆ ಬಿಡಿಸಲು ಬರಬೇಕಾದವರು ಬರಲಿಲ್ಲ.

ರೀಲು_ಪೆಟ್ಟಿಗೆ

ಕತ್ತಲ ಕೋಣೆಯವರು ಹೇಳಿದ್ದು ಸರಿ. ಆದರೆ ಜನ ಅದನ್ನು ಯಾವುದರಲ್ಲಿ ನೋಡಿದರು ಅನ್ನುವುದನ್ನೂ ಹಿಡಿದು ಮಾತಾಡಬೇಕು. 1990ರ ದಶಕದ ಕೊನೆ ಮತ್ತು 2000ದ ಮೊದಲ ವರ್ಷಗಳಲ್ಲಿ ಅಲ್ಲಿ ಮನೆಮನೆಗೆ ಸಿನಿಮಾ ತಲುಪಿಸಿದ್ದು ವಿಸಿಡಿ, ಅಂದರೆ ಸಿಡಿಯಲ್ಲಿ ತುಂಬಿದ ವಿಡಿಯೊ. ಜಕಾರ್ತಾದ ಗ್ಲೊಡೊಕ್ ಮಾರುಕಟ್ಟೆ ನಕಲಿ ಡಿಸ್ಕುಗಳಿಗೇ ಹೆಸರಾಗಿತ್ತು.

ವಿಸಿಡಿಯ ಲೆಕ್ಕ ಹೀಗೆ: ಪಾಲ್ ಎಂಬ ಟಿವಿ ಪದ್ಧತಿಯಲ್ಲಿ ಚಿತ್ರದ ಅಳತೆ 352×288, ಸೆಕೆಂಡಿಗೆ 25 ಫ್ರೇಮು, ವಿಡಿಯೊಗೆ ಸೆಕೆಂಡಿಗೆ 1150 ಕಿಲೋಬಿಟ್. ಒಂದು ಡಿಸ್ಕಿನಲ್ಲಿ 74ರಿಂದ 80 ನಿಮಿಷ ಹಿಡಿಯುತ್ತದೆ. 95 ನಿಮಿಷದ ‘ರಿಂಗು’ ಅಂದರೆ ಎರಡು ಡಿಸ್ಕು. ಮಧ್ಯೆ ಎದ್ದು ಹೋಗಿ ಡಿಸ್ಕು ಬದಲಿಸಬೇಕು. ತಾನು ನೋಡುತ್ತಿರುವುದೂ ಯಾರೋ ನಕಲು ಮಾಡಿ ಕೊಟ್ಟ ಪ್ರತಿಯೇ! ನಕಲು ಮಾಡಿ ದಾಟಿಸಿದರೆ ಬದುಕು ಅನ್ನುವ ಕಥೆ ಆ ರೂಪದಲ್ಲಿ ಕೈಗೆ ಬಂದಾಗ ಅದರ ತೂಕವೇ ಬೇರೆ.

ಇನ್ನೊಂದು ವಿಷಯ ಕತ್ತಲಿನದ್ದು. ಇಷ್ಟು ಕಡಿಮೆ ಬಿಟ್‌ರೇಟಿನಲ್ಲಿ ಮೊದಲು ಹಾಳಾಗುವುದು ಕಪ್ಪಿಗೂ ಬೂದಿಗೂ ನಡುವಿನ ನಯವಾದ ಛಾಯೆ. ಚಿತ್ರವನ್ನು 8×8ರ ಚೌಕಗಳಾಗಿ ಒಡೆದು ಅಡಕ ಮಾಡುವುದರಿಂದ ಮಂದ ಬೆಳಕಿನ ಗೋಡೆ ಚೌಕಚೌಕವಾಗಿ ಕುದಿಯುತ್ತದೆ. ಕಿಯೋಶಿ ಕುರೊಸಾವಾ ಅವರ ‘ಕಾಯ್ರೋ’ದಲ್ಲಿ (2001) ದೆವ್ವ ಇರುವುದೇ ಕೋಣೆಯ ಆ ಬೂದು ಮೂಲೆಯಲ್ಲಿ. ಹೆಂಗಸಿನ ಆಕೃತಿ ದೂರದಿಂದ ನಿಧಾನವಾಗಿ ನಡೆದು ಬರುತ್ತದೆ, ಮಧ್ಯೆ ಒಂದು ಕಡೆ ಕಾಲು ತಪ್ಪಿ ಬೀಳುವಂತೆ ಬಾಗಿ ಮತ್ತೆ ಏಳುತ್ತದೆ, ಅಷ್ಟೇ. ಆ ಎಡವುವಿಕೆ ವಿಸಿಡಿಯಲ್ಲಿ ಚೌಕಗಳ ಕಲಸುಮೇಲೋಗರ. ತಕಾಶಿ ಶಿಮಿಜು ಅವರ ‘ಜು-ಓನ್’ನಲ್ಲಿ ದೆವ್ವವಾದ ಕಾಯಾಕೋ ಕ್ಯಾಮೆರಾ ಹತ್ತಿರವೇ ಬರುತ್ತಾಳೆ, ಗಂಟಲಿನ ಸದ್ದು ಬೇರೆ ಇದೆ. ಅದು ಎಂಥ ಕೆಟ್ಟ ಡಿಸ್ಕಿನಲ್ಲೂ ಉಳಿಯುತ್ತದೆ. ಯಾವ ಜಪಾನಿ ಸಿನಿಮಾ ಜನಪ್ರಿಯವಾಯಿತು, ಯಾವುದು ಸಿನಿಮಾಸಕ್ತರಲ್ಲೇ ಉಳಿಯಿತು ಅನ್ನುವುದರಲ್ಲಿ ಈ ಡಿಸ್ಕಿನ ಪಾಲು ದೊಡ್ಡದು ಅಂತ ನಾನು ನಂಬಿದ್ದೇನೆ.

ಶರಾವತಿ_ದಡ

ಭಾಷೆಯ ಕಡೆಯಿಂದ ಸ್ವಲ್ಪ ಸೇರಿಸುತ್ತೇನೆ. ನಾವು ‘ದೆವ್ವ’ ಎಂದು ಒಂದೇ ಮಾತಿನಲ್ಲಿ ಮುಗಿಸುವುದನ್ನು ಇಂಡೋನೇಷ್ಯನ್‌ನಲ್ಲಿ ಹಾಗೆ ಮುಗಿಸಲಾಗುವುದಿಲ್ಲ. ‘ಹಂತು’ ಮಲಯ ಮೂಲದ ಮಾತು, ಕಾಣಿಸಿಕೊಳ್ಳುವ ಯಾವ ದೆವ್ವಕ್ಕೂ ನಡೆಯುತ್ತದೆ. ‘ಸೇತಾನ್’ ಅರಬ್ಬಿಯಿಂದ ಬಂದದ್ದು, ಮನುಷ್ಯನನ್ನು ದಾರಿ ತಪ್ಪಿಸುವ ಶಕ್ತಿ. ‘ಅರ್ವಾಹ್’ ಕೂಡ ಅರಬ್ಬಿ, ಸತ್ತವರ ಆತ್ಮ. ‘ಅರ್ವಾಹ್ ಪೆನಸಾರಾನ್’ ಅಂದರೆ ನೆಮ್ಮದಿ ಸಿಗದೆ ಅಲೆಯುವ ಆತ್ಮ. ‘ಪೆನುಂಗು’ ಅಂದರೆ ಒಂದು ಜಾಗವನ್ನು ಕಾದುಕೊಂಡು ಕೂತಿರುವುದು. ನಮ್ಮ ‘ಭೂತ’ವೂ ಬಾಲಿಯಲ್ಲಿ ‘ಭೂತ ಕಾಲ’ ಎಂದು ಉಳಿದಿದೆ. ನ್ಯೆಪಿ ಹಬ್ಬದ ಹಿಂದಿನ ಸಂಜೆ ಮೆರವಣಿಗೆಯಲ್ಲಿ ಹೊರುವ ಒಗೊ-ಒಗೊ ಬೊಂಬೆಗಳು ಅದರದ್ದೇ ರೂಪ.

ಜಪಾನಿ ಸಿನಿಮಾದ ಸಬ್‌ಟೈಟಲ್‌ನಲ್ಲಿ ಇವುಗಳಲ್ಲಿ ಯಾವುದನ್ನು ಹಾಕುತ್ತೀರಿ ಅನ್ನುವುದರ ಮೇಲೆ ಸಿನಿಮಾವೇ ಬದಲಾಗುತ್ತದೆ. ಸದಾಕೋಗೆ ‘ಸೇತಾನ್’ ಅಂದರೆ ಆಕೆಗಾದ ಅನ್ಯಾಯ ಅಳಿಸಿಹೋಗುತ್ತದೆ. ‘ಅರ್ವಾಹ್’ ಅಂದರೆ ಮರುಕ ಬರುತ್ತದೆ. ಆದರೆ ಸತ್ತವರ ಆತ್ಮ ಭೂಮಿಗೆ ಮರಳುವುದಿಲ್ಲ, ಹಾಗೆ ಕಾಣುವುದು ಸತ್ತವರ ವೇಷ ಹಾಕಿದ ಜಿನ್, ಬದುಕಿದ್ದಾಗ ಜೊತೆಗಿದ್ದ ‘ಕೊರಿನ್’, ಎಂದು ನಂಬುವ ಮುಸ್ಲಿಂ ಪ್ರೇಕ್ಷಕರು ಅಲ್ಲಿ ಬಹಳ. ಅವರು ಅಷ್ಟಕ್ಕೆ ಸಿನಿಮಾವನ್ನು ತಳ್ಳಿಹಾಕುವುದಿಲ್ಲ, ತಮ್ಮದೇ ಲೆಕ್ಕದಲ್ಲಿ ಅರ್ಥ ಮಾಡಿಕೊಳ್ಳುತ್ತಾರೆ. ಸುಮ್ಮನೆ ‘ಹಂತು’ ಅಂದರೆ ಯಾವ ಕಡೆಗೂ ವಾಲದೆ ಉಳಿಯುತ್ತದೆ. ಒಳ್ಳೆಯ ಅನುವಾದಕರು ಮೊದಲರ್ಧದಲ್ಲಿ ‘ಹಂತು’, ಕಥೆ ಬಿಚ್ಚಿಕೊಂಡ ಮೇಲೆ ‘ಅರ್ವಾಹ್’ ಬಳಸಬಹುದು, ಸರಿಯಾಗಿ ಕೂರುತ್ತದೆ.

ಪೆನುಂಗು ಬಗ್ಗೆ ಇನ್ನೊಂದು ಮಾತು. ಜಪಾನಿನಲ್ಲಿ ಸತ್ತ ಜಾಗಕ್ಕೇ ಅಂಟಿಕೊಂಡ ದೆವ್ವವನ್ನು ‘ಜಿಬಾಕುರೇ’ ಅನ್ನುತ್ತಾರೆ. ಮೇಲ್ನೋಟಕ್ಕೆ ಎರಡೂ ಒಂದೇ. ಆದರೆ ಪೆನುಂಗುಗೆ ಒಂದು ಮರ್ಯಾದೆ ಇದೆ. ಹಳೇ ಮರದ ಹತ್ತಿರ, ಪಾಳುಮನೆಯ ಹೊಸ್ತಿಲಲ್ಲಿ ‘ಪೆರ್ಮಿಸಿ’ ಎಂದು ಅಪ್ಪಣೆ ಕೇಳಿ ದಾಟಿದರೆ ಅದು ಸುಮ್ಮನಿರುತ್ತದೆ. ಮರದ ಬುಡದಲ್ಲಿ ಮೂತ್ರ ಮಾಡಿದರೆ, ಹೊಲಸು ಮಾತಾಡಿದರೆ ಕಾಡುತ್ತದೆ. ಅಂದರೆ ಕಾಡಿಸಿಕೊಂಡವನು ಏನೋ ತಪ್ಪು ಮಾಡಿರಲೇಬೇಕು. ‘ಜು-ಓನ್’ನ ರಿಕಾ ಯಾವ ತಪ್ಪು ಮಾಡಿದಳು? ವಯಸ್ಸಾದವರ ಆರೈಕೆಗೆಂದು ಆ ಮನೆಗೆ ಕಳಿಸಿದರು, ಹೋದಳು. ಅದೇ ಸಿನಿಮಾದ ಹಿತೋಮಿ ತನ್ನ ಮನೆಗೆ ಓಡಿ ಬಂದು, ಬಾಗಿಲು ಹಾಕಿ, ಹೊದಿಕೆ ಹೊದ್ದು ಮಲಗುತ್ತಾಳೆ. ಕಾಯಾಕೋ ಆ ಹೊದಿಕೆಯೊಳಗೇ ಇದ್ದಾಳೆ. ಅಪ್ಪಣೆ ಕೇಳಿದರೂ ಉಳಿಸದ, ಜಾಗ ಬಿಟ್ಟು ಬಂದರೂ ಬಿಡದ ಪೆನುಂಗು ಇದು. ಆ ನಾಡಿನ ದೆವ್ವಗಳ ಕಟ್ಟಳೆ ಗೊತ್ತಿದ್ದವನಿಗೆ ಗೊತ್ತಿಲ್ಲದವನಿಗಿಂತ ಇದು ಹೆಚ್ಚು ಭಯ ಹುಟ್ಟಿಸುತ್ತದೆ.

ಹೊಂಗೆ_ನೆರಳು

ಬಹಳ ಚೆನ್ನಾಗಿದೆ, ಶರಾವತಿಯವರೇ. ಹಾಗಾದರೆ 2000ದ ನಂತರದ ಇಂಡೋನೇಷ್ಯಾ ಸಿನಿಮಾಗಳಲ್ಲಿ ದೆವ್ವದ ಮುಖದ ಮೇಲೆ ಕೂದಲು ಬಿದ್ದಿರುವುದು, ಕುತ್ತಿಗೆ ಮುರಿದಂತೆ ನಡೆಯುವುದು ಜಪಾನಿನಿಂದ ತಂದದ್ದೇ ತಾನೇ?

ಕತ್ತಲ_ಕೋಣೆ

ಕೂದಲು ಉದ್ದ ಇರುವುದು ಅಲ್ಲಿನದ್ದೇ. ಮುಖ ಮುಚ್ಚುವುದು ಜಪಾನಿನದ್ದು.

ಅಲ್ಲಿನ ನಟಿ ಸುಜ್ಜಾನಾ ಅವರ ಸಿನಿಮಾ ನೋಡಿದರೆ ಗೊತ್ತಾಗುತ್ತದೆ. 1981ರ ‘ಸುಂಡೆಲ್ ಬೋಲೋಂಗ್’ನಲ್ಲಿ ಬೆನ್ನಿನಲ್ಲಿ ತೂತಿರುವ ದೆವ್ವ ಆಕೆ. ಮುಖ ಪೂರ್ತಿ ಕಾಣುತ್ತದೆ, ಬಿಳಿ ಬಳಿದ ಕೆನ್ನೆ, ಅರಳಿದ ಕಣ್ಣು. ಆಕೆಯ ದೆವ್ವ ಮಾತಾಡುತ್ತದೆ, ನಗುತ್ತದೆ, ಗಾಡಿ ಮುಂದೆ ಕೂತು ಸಾಟೆ (ಕಡ್ಡಿಗೆ ಚುಚ್ಚಿ ಸುಟ್ಟ ಮಾಂಸ) ತರಿಸಿಕೊಂಡು ತಿನ್ನುತ್ತದೆ. ಆ ಸಾಟೆ ದೃಶ್ಯ ಅಲ್ಲಿ ಇವತ್ತಿಗೂ ಎಲ್ಲರ ಬಾಯಲ್ಲಿದೆ. ತನ್ನನ್ನು ಕೆಡಿಸಿದವರ ಹೆಸರು ಹಿಡಿದು ಹುಡುಕಿಕೊಂಡು ಹೋಗುತ್ತದೆ. ಯಾರನ್ನು ಕೊಲ್ಲುತ್ತಿದೆ, ಯಾಕೆ, ಎಲ್ಲ ಸ್ಪಷ್ಟ. ಪ್ರೇಕ್ಷಕ ದೆವ್ವದ ಪಕ್ಷವನ್ನೇ ವಹಿಸುತ್ತಾನೆ.

ಸದಾಕೋಗೆ ಮುಖವಿಲ್ಲ, ಮಾತಿಲ್ಲ, ಯಾರ ಮೇಲೆ ಕೋಪ ಅನ್ನುವ ಭೇದವೂ ಇಲ್ಲ. ಕೊನೆಗೆ ಕಾಣುವುದು ಒಂದು ಕಣ್ಣು. ಟಿವಿಯಿಂದ ಬರುವ ಆ ನಡಿಗೆಗೆ ನಟಿ ರಿಯೆ ಇನೊಒ ಅವರನ್ನು ಹಿಂದಕ್ಕೆ ನಡೆಸಿ ಚಿತ್ರೀಕರಿಸಿ, ಫಿಲ್ಮನ್ನು ತಿರುಗಿಸಿ ಓಡಿಸಿದರು. ಕಾಯಾಕೋ ಪಾತ್ರದ ತಕಾಕೊ ಫುಜಿ ತಮ್ಮ ಮೈಯನ್ನೇ ಹಾಗೆ ಬಾಗಿಸಿದವರು, ಗಂಟಲಿನ ಗೊರಗೊರ ಸದ್ದು ಮಾತ್ರ ನಿರ್ದೇಶಕ ಶಿಮಿಜು ಅವರದ್ದೇ. ಇಂಡೋನೇಷ್ಯಾದಲ್ಲಿ ಇದನ್ನು ಅನುಕರಿಸಿದ ಅನೇಕ ಅಗ್ಗದ ಸಿನಿಮಾಗಳು ನಡುನಡುವೆ ಫ್ರೇಮು ಕಿತ್ತು ನಡಿಗೆಯನ್ನು ಜರ್ಕು ಮಾಡಿದವು. ಅಲ್ಲೇ ಕೆಟ್ಟದ್ದು. ಫ್ರೇಮು ಕಿತ್ತರೆ ದೆವ್ವದ ಜೊತೆ ಪರದೆ, ಎಲೆ, ನೆರಳು ಎಲ್ಲವೂ ಜರ್ಕಾಗುತ್ತವೆ. ಮೈ ವಿಚಿತ್ರವಾಗಿದೆ ಅನ್ನಿಸುವುದಿಲ್ಲ, ಡಿಸ್ಕು ಗೀಚಿದೆ ಅನ್ನಿಸುತ್ತದೆ.

ಬೆಳಕಿಂಡಿ

ಕಿರುಚಿತ್ರ ಮಾಡುವವರಿಗೆ ಇಲ್ಲಿ ಕೆಲಸಕ್ಕೆ ಬರುವ ಮಾತು ಹೇಳುತ್ತೇನೆ.

ಹಿಮ್ಮುಖ ನಡಿಗೆ ತೆಗೆಯುವಾಗ ಕೊನೆಯ ಭಂಗಿಯಿಂದ ಶುರು ಮಾಡಬೇಕು. ಅಂದರೆ ನಟಿ ಕ್ಯಾಮೆರಾ ಹತ್ತಿರ ನಿಂತು ಹಿಂದಕ್ಕೆ ಸರಿಯುತ್ತಾ ಹೋಗಬೇಕು. ಹಿಮ್ಮಡಿ ಮೊದಲು ಎತ್ತಬಾರದು, ಬೆರಳ ತುದಿ ಮೊದಲು ನೆಲ ಬಿಡಬಾರದು, ಇಡೀ ಪಾದವನ್ನು ಒಟ್ಟಿಗೆ ಎಳೆಯಬೇಕು. ಭುಜ ಒಂದು ಹೆಜ್ಜೆ ತಡವಾಗಿ ಹಿಂಬಾಲಿಸಲಿ. ಗಾಳಿ ಪೂರ್ತಿ ನಿಲ್ಲಿಸಿ, ಫ್ಯಾನು ಆರಿಸಿ. ಸೆಟ್ಟಿನಲ್ಲಿ ಹೊಗೆ, ಧೂಳು, ತೊಟ್ಟಿಕ್ಕುವ ನೀರು ಇದ್ದರೆ ತಿರುಗಿಸಿದಾಗ ಉಲ್ಟಾ ಚಲಿಸಿ ಗುಟ್ಟು ರಟ್ಟಾಗುತ್ತದೆ. ಕೂದಲು ಒಣಗಿದ್ದರೆ ಹಾರಿ ಅದೂ ಹೇಳಿಬಿಡುತ್ತದೆ, ಅದಕ್ಕೆ ಒದ್ದೆ ಮಾಡಿ ಮೈಗೆ ಅಂಟಿಸಿಕೊಳ್ಳುವುದು ವಾಸಿ. 10 ಸೆಕೆಂಡಿಗಿಂತ ಉದ್ದ ಇಡಬೇಡಿ, ಕಣ್ಣು ಗುಟ್ಟು ಹಿಡಿದುಬಿಡುತ್ತದೆ.

ಬಟ್ಟೆಯದ್ದು ಇನ್ನೊಂದು ಗೋಳು. ಅಚ್ಚ ಬಿಳಿ ಗೌನಿನ ಮೇಲೆ ನೀಲಿ ದೀಪ ಬಿಟ್ಟರೆ ವಿಡಿಯೊದಲ್ಲಿ ಬಟ್ಟೆ ಸುಟ್ಟಂತೆ ಬೆಳ್ಳಗಾಗಿ ಮಡಿಕೆಯೇ ಕಾಣುವುದಿಲ್ಲ. ದೆವ್ವ ಒಗೆದು ಒಣಹಾಕಿದ ಬೆಡ್‌ಶೀಟಿನ ಹಾಗೆ ಕಾಣುತ್ತದೆ. ಬಟ್ಟೆಯನ್ನು ಕಡುವಾದ ಟೀ ಡಿಕಾಕ್ಷನ್‌ನಲ್ಲಿ 15–20 ನಿಮಿಷ ನೆನೆಸಿ, ಹಿಂಡಿ, ನೆರಳಲ್ಲಿ ಒಣಗಿಸಿ. ಆ ಕೆನೆಬಣ್ಣ ಪರದೆ ಮೇಲೆ ಬಿಳಿಯಾಗಿಯೇ ಕಾಣುತ್ತದೆ, ಮಡಿಕೆಯೂ ಉಳಿಯುತ್ತದೆ. ಕ್ಯಾಮೆರಾ ಎಕ್ಸ್‌ಪೋಷರನ್ನು ಮುಖಕ್ಕಲ್ಲ, ಆ ಬಟ್ಟೆಗೆ ಹೊಂದಿಸಿ. ಮುಖ ಕತ್ತಲಾದರೆ ಆಗಲಿ, ಕೂದಲು ಮುಚ್ಚುವುದೂ ಅದಕ್ಕೇ ಅಲ್ಲವೇ.

ತುಂಗೆ_ತೀರ

ಎಲ್ಲವನ್ನೂ ಜಪಾನಿನ ಲೆಕ್ಕಕ್ಕೆ ಬರೆಯುವುದನ್ನು ನಾನು ಒಪ್ಪುವುದಿಲ್ಲ. 1998ರ ಮೇನಲ್ಲಿ ಸುಹಾರ್ತೊ ಇಳಿದರು. ಅಲ್ಲಿನ ಚಿತ್ರೋದ್ಯಮ ಅದಕ್ಕೂ ಮೊದಲೇ ಬಹುತೇಕ ಸತ್ತಿತ್ತು. ಅದನ್ನು ಎಬ್ಬಿಸಿದ ಹಾರರ್ ಸಿನಿಮಾ 2001ರ ‘ಜೆಲಾಂಗ್ಕುಂಗ್’, ನಿರ್ದೇಶಕರು ರಿಜಾಲ್ ಮಂತೊವಾನಿ ಮತ್ತು ಹೋಸೆ ಪೂರ್ನೊಮೊ. ಕಡಿಮೆ ಖರ್ಚಿನಲ್ಲಿ, ಡಿಜಿಟಲ್ ವಿಡಿಯೊದಲ್ಲಿ ತೆಗೆದದ್ದು. ಅದರ ಮೂಲ ಚೀನೀಯರಿಂದ ಬಂದ ಬುಟ್ಟಿಗೊಂಬೆಯ ಆಟ. ಗೊಂಬೆಗೆ ಅಂಗಿ ತೊಡಿಸಿ, ಬರೆಯಲು ಸೀಮೆಸುಣ್ಣ ಕಟ್ಟಿ, ಆತ್ಮವನ್ನು ಕರೆಯುತ್ತಾರೆ. ‘ಕರೆತರದೆ ಬರುತ್ತದೆ, ಕಳಿಸಿಕೊಡದೆ ಹೋಗುತ್ತದೆ’ ಅನ್ನುವ ಅರ್ಥದ ಸಾಲು ಅಲ್ಲಿ ಮಕ್ಕಳಿಗೂ ಬಾಯಿಪಾಠ. ಜಪಾನಿನ ಶಾಲಾಮಕ್ಕಳ ‘ಕೊಕ್ಕುರಿ-ಸಾನ್’ ಆಟ ಇದರ ದೂರದ ನೆಂಟ, ಅಪ್ಪನಲ್ಲ.

2006ರ ‘ಕುಂತಿಲಾನಕ್’ ಕೂಡ ರಿಜಾಲ್ ಅವರದ್ದೇ. ಅದರಲ್ಲಿ ದೆವ್ವವನ್ನು ಕರೆಯುವುದು ಜಾವಾ ಭಾಷೆಯ ಹಾಡಿನಿಂದ. ಆ ಸಿನಿಮಾ ಬಂದ ಮೇಲೆ ‘ಲಿಂಗ್ಸಿರ್ ವೆಂಗಿ’ ಅನ್ನುವ ಹಾಡನ್ನು ರಾತ್ರಿ ಗುನುಗಲು ಜನ ಹೆದರುವಂತಾಯಿತು. ಇದನ್ನು ಯಾವ ಜಪಾನಿ ಸಿನಿಮಾದಿಂದಲೂ ಕಲಿಯಬೇಕಾಗಿರಲಿಲ್ಲ. ಥಾಯ್ಲೆಂಡಿನ ‘ಶಟರ್’ (2004) ಅಲ್ಲಿ ಮಾಡಿದ ಪರಿಣಾಮವನ್ನೂ ಮರೆಯಬಾರದು.

ಕತ್ತಲ_ಕೋಣೆ

ತುಂಗೆಯವರೇ, ‘ಜೆಲಾಂಗ್ಕುಂಗ್’ ವಿಷಯ ಪೂರ್ತಿ ಒಪ್ಪಿದೆ. ಅದರ ಬೇರು ಅಲ್ಲಿನದ್ದೇ, ತಿದ್ದಿದ್ದಕ್ಕೆ ವಂದನೆ. ಆದರೆ ‘ಕುಂತಿಲಾನಕ್’ ಬಗ್ಗೆ ನೀವೇ ಹೇಳಿದ್ದರಲ್ಲಿ ನನ್ನ ಉತ್ತರವೂ ಇದೆ. ಹಳೆಯ ಕುಂತಿಲಾನಕ್ ಮರದಲ್ಲಿದ್ದಳು. 2006ರಲ್ಲಿ ಆಕೆ ಬರುವುದು ಕೋಣೆಯೊಳಗಿನ ಕನ್ನಡಿಯಿಂದ. ಜನ ದಿನವೂ ಮುಟ್ಟುವ ಒಂದು ವಸ್ತುವನ್ನು ಬಾಗಿಲು ಮಾಡಿಕೊಳ್ಳುವುದು, ಟೇಪು, ಟಿವಿ, ಮಿಯಿಕೆಯವರ ‘ಚಾಕುಶಿನ್ ಆರಿ’ಯಲ್ಲಿ (2003) ಮೊಬೈಲಿನ ರಿಂಗ್‌ಟೋನು, ಇದು ಜಪಾನಿ ಹಾರರ್ ಹಾಕಿಕೊಟ್ಟ ದಾರಿ. ಊರ ಹೊರಗಿನ ದೆವ್ವ ಅಲ್ಲಿಂದ ಮನೆಯೊಳಗೆ ಬಂತು.

ರೀಲು_ಪೆಟ್ಟಿಗೆ

ಇದಕ್ಕೆ ಸರಪಳಿ ಪತ್ರವನ್ನೂ ಸೇರಿಸಿ. ‘ಇಷ್ಟು ಜನಕ್ಕೆ ಬರೆದು ಕಳಿಸದಿದ್ದರೆ ಕೇಡು’ ಅನ್ನುವ ಪತ್ರಕ್ಕೆ ಜಪಾನಿನಲ್ಲಿ ‘ದೌರ್ಭಾಗ್ಯದ ಪತ್ರ’ ಎಂದೇ ಹೆಸರು, ಇಂಡೋನೇಷ್ಯಾದಲ್ಲಿ ‘ಸುರತ್ ಬೆರಂತಾಯಿ’, ನಮ್ಮಲ್ಲಿ ತಿಮ್ಮಪ್ಪನ ಹೆಸರಿನ ಪೋಸ್ಟ್‌ಕಾರ್ಡು. ಅಲ್ಲಿ ಅದು ಎಸ್ಸೆಮ್ಮೆಸ್ಸಿಗೂ ದಾಟಿತು. ‘ರಿಂಗು’ವಿನ ನಿಯಮವನ್ನು ಯಾರೂ ಯಾರಿಗೂ ಹೇಳಿಕೊಡಬೇಕಾಗಿರಲಿಲ್ಲ.

ಶರಾವತಿ_ದಡ

2017ರ ‘ಪೆಂಗಾಬ್ದಿ ಸೇತಾನ್’ ಬಗ್ಗೆ ಇನ್ನೂ ಯಾರೂ ಬರೆದಿಲ್ಲ, ಈ ಪ್ರಶ್ನೆಗೆ ಅದೇ ಅತ್ಯುತ್ತಮ ಸಾಕ್ಷಿ. ಕತ್ತಲ ಕೋಣೆಯವರು ಮೇಲೆ ಹೇಳಿದ ಹಳೇ ಸಿನಿಮಾವನ್ನೇ ಜೋಕೋ ಅನ್ವರ್ ಮತ್ತೆ ಮಾಡಿದ್ದು. 42 ಲಕ್ಷಕ್ಕೂ ಹೆಚ್ಚು ಜನ ಚಿತ್ರಮಂದಿರದಲ್ಲಿ ನೋಡಿದರು. ಕಾಯಿಲೆ ಬಿದ್ದ ತಾಯಿ ಮಾತಾಡಲಾಗದೆ ಮಕ್ಕಳನ್ನು ಕರೆಯಲು ಗಂಟೆ ಬಾರಿಸುತ್ತಾಳೆ. ಸತ್ತ ಮೇಲೂ ಆ ಗಂಟೆ ಕೇಳುತ್ತದೆ. ಚಿಕ್ಕ ಹುಡುಗ ವ್ಯೂಮಾಸ್ಟರ್ ಎಂಬ ಚಿತ್ರ ನೋಡುವ ಆಟಿಕೆಯಲ್ಲಿ ಕಣ್ಣಿಟ್ಟು ಒಂದೊಂದೇ ಚಿತ್ರ ಸರಿಸುವ ದೃಶ್ಯವಿದೆ. ಪ್ರತಿ ಸಲ ಲಿವರ್ ಒತ್ತಿದಾಗ ಕ್ಲಿಕ್, ನಡುವೆ ಕಪ್ಪು, ನೋಡುವವನಿಗೂ ಆ ಚಿಕ್ಕ ಚೌಕಟ್ಟು ಬಿಟ್ಟು ಆಚೆ ನೋಡಲು ಜಾಗವಿಲ್ಲ. ಮನೆಯೊಳಗೇ ಬಾವಿ ಇದೆ, ಅಜ್ಜಿಯ ಹೆಣ ಸಿಗುವುದು ಅದರಲ್ಲಿ. ಬಾವಿ ಜಾವಾದ ಮನೆಗಳಲ್ಲಿ ಇದ್ದದ್ದೇ, ಅದನ್ನು ‘ರಿಂಗು’ವಿನಿಂದ ಕದ್ದದ್ದು ಎಂದು ಹೇಳುವುದು ಅನ್ಯಾಯ.

ಮುಖ್ಯವಾದದ್ದು ಬೇರೆ. ಹೊಸ ಸಿನಿಮಾದಲ್ಲೂ ಧರ್ಮಗುರು, ಅಂದರೆ ಉಸ್ತಾದ್, ಇದ್ದಾರೆ, ಒಳ್ಳೆಯ ಮನುಷ್ಯ. ಅವರಿಂದ ಆ ಮನೆಯನ್ನು ಉಳಿಸಲು ಆಗುವುದಿಲ್ಲ, ತಮ್ಮ ಮಗನನ್ನೂ ಕಳೆದುಕೊಳ್ಳುತ್ತಾರೆ. 1980ರ ದಶಕದ ಆ ಮುಕ್ತಾಯವನ್ನು ನೆನಪಿನಲ್ಲಿಟ್ಟುಕೊಂಡು ಬಂದವರಿಗೆ ಇದು ನೆಲವೇ ಕುಸಿದ ಹಾಗೆ. ಜಪಾನಿ ಹಾರರ್ ಇಂಡೋನೇಷ್ಯಾದಲ್ಲಿ ನಿಜವಾಗಿ ಬೇರುಬಿಟ್ಟ ಜಾಗ ಇದು ಅಂತ ನನ್ನ ನಂಬಿಕೆ. ಕೂದಲಿನಲ್ಲಲ್ಲ, ಈ ಕೈಚೆಲ್ಲಿದ ಉಸ್ತಾದರಲ್ಲಿ.

ಇನ್ನೆರಡು ಸಣ್ಣ ಸಂಗತಿ. ಹಳೇ ‘ಪೆಂಗಾಬ್ದಿ ಸೇತಾನ್’ ಜಪಾನಿಗೆ ವಿಡಿಯೊ ಟೇಪಿನಲ್ಲಿ ಹೋಗಿತ್ತು, ‘ಯೋಗಿರಿ ನೋ ಜೋಗಿಜೋಗಿ ಮಾನ್‌ಸುತಾ’ ಅನ್ನುವ ವಿಚಿತ್ರ ಹೆಸರಿನಲ್ಲಿ. ರಾತ್ರಿ ಮಂಜಿನ ಮಾನ್‌ಸ್ಟರ್ ಅಂತೇನೋ ಅರ್ಥ. ಅಂದರೆ ದಾರಿ ಒಂದೇ ಕಡೆಗೆ ಇರಲಿಲ್ಲ. ಇನ್ನೊಂದು ‘ಕಿಲ್ಲರ್ಸ್’ (2014), ಮೊ ಬ್ರದರ್ಸ್ ಎಂದು ಹೆಸರಾದ ಟಿಮೊ ಚಹ್ಯಾಂತೊ, ಕಿಮೊ ಸ್ಟಾಂಬೂಲ್ ಅವರದ್ದು. ಜಪಾನಿನ ನಿಕ್ಕಾತ್ಸು ಸ್ಟುಡಿಯೊ ಜೊತೆ ಸೇರಿ ಮಾಡಿದ್ದು, ಅರ್ಧ ತೋಕ್ಯೊ, ಅರ್ಧ ಜಕಾರ್ತಾ. ದೆವ್ವದ ಸಿನಿಮಾ ಅಲ್ಲ, ಕೊಲೆಗಾರರದ್ದು. ಅಲ್ಲೂ ತೋಕ್ಯೊದವನು ಹಾಕಿದ ವಿಡಿಯೊ ನೋಡಿಯೇ ಜಕಾರ್ತಾದವನಿಗೆ ರೋಗ ಹತ್ತುತ್ತದೆ.

ಹೊಂಗೆ_ನೆರಳು

ಇಷ್ಟು ಸಿಗುತ್ತದೆ ಅಂದುಕೊಂಡಿರಲಿಲ್ಲ, ಎಲ್ಲರಿಗೂ ನಮಸ್ಕಾರ. ಒಂದು ಕೊನೆಯ ಪ್ರಶ್ನೆ. ಇಂಡೋನೇಷ್ಯನ್ ಸಬ್‌ಟೈಟಲ್ ಇರುವ ಹಳೇ ಫೈಲು ಹೊಸ ಬ್ಲೂರೇ ಪ್ರತಿಗೆ ಕೂರುವುದಿಲ್ಲ ಅನ್ನುತ್ತಾರಲ್ಲ, ಅದು ಯಾಕೆ? ಅದನ್ನು ಇಟ್ಟುಕೊಂಡು ಕನ್ನಡ ಸಬ್‌ಟೈಟಲ್ ಮಾಡುವುದಾದರೆ ಏನು ನೋಡಿಕೊಳ್ಳಬೇಕು?

ಅಡಿಬರಹ

ಎರಡು ಬೇರೆ ಬೇರೆ ದೋಷಗಳನ್ನು ಜನ ಒಂದೇ ಅಂದುಕೊಳ್ಳುತ್ತಾರೆ. ಮೊದಲ ಸಾಲೂ ಕೊನೆಯ ಸಾಲೂ ಒಂದೇ ಅಂತರದಲ್ಲಿ ತಪ್ಪಿದ್ದರೆ ಬರೀ ಸರಿಸಿದರೆ ಸಾಕು. ಹೋಗ್ತಾ ಹೋಗ್ತಾ ಅಂತರ ಬೆಳೆಯುತ್ತಿದ್ದರೆ ಅದು ಫ್ರೇಮು ವೇಗದ ದೋಷ. ಪಾಲ್ ಪ್ರತಿಯಲ್ಲಿ ಸಿನಿಮಾವನ್ನು 25 ಫ್ರೇಮಿಗೆ ಏರಿಸಿರುತ್ತಾರೆ, ಬ್ಲೂರೇ ಸಾಮಾನ್ಯವಾಗಿ 23.976. ಹಾಗಾಗಿ 95 ನಿಮಿಷದ ಸಿನಿಮಾ ಪಾಲ್‌ನಲ್ಲಿ 91 ನಿಮಿಷಕ್ಕೇ ಮುಗಿಯುತ್ತದೆ. ಬ್ಲೂರೇಯಲ್ಲಿ ಸರಿಯಾಗಿ 1 ಗಂಟೆಗೆ ಬರುವ ಮಾತು ಪಾಲ್ ಸಬ್‌ಟೈಟಲ್‌ನಲ್ಲಿ 57 ನಿಮಿಷ 32 ಸೆಕೆಂಡಿಗೇ ಬಂದುಬಿಡುತ್ತದೆ. ಎಲ್ಲ ಸಮಯವನ್ನೂ 1.0427ರಿಂದ ಗುಣಿಸಿ. ಸಬ್‌ಟೈಟಲ್ ತಿದ್ದುವ ಯಾವ ಸಾಫ್ಟ್‌ವೇರಿನಲ್ಲೂ ಫ್ರೇಮು ವೇಗ ಬದಲಿಸುವ ಆಯ್ಕೆ ಇರುತ್ತದೆ, ಮೂಲ 25, ಗುರಿ 23.976 ಎಂದು ಕೊಡಿ. ಪಾಲ್‌ಗೆ ಏರಿಸಿದ ಪ್ರತಿಯಲ್ಲಿ ಸದ್ದಿನ ಶ್ರುತಿಯೂ ಶೇ 4ರಷ್ಟು ಮೇಲೇರಿರುತ್ತದೆ, ಕಾಯಾಕೋಳ ಗಂಟಲು ತೆಳುವಾಗಿ ಕೇಳಿದರೆ ಕಾರಣ ಅದೇ.

ವಿಸಿಡಿ ಕಾಲದ ಫೈಲು ಎರಡು ತುಂಡಾಗಿದ್ದರೆ ಎರಡನೆಯದರ ಗಡಿಯಾರ ಸೊನ್ನೆಯಿಂದ ಶುರುವಾಗುತ್ತದೆ. ಮೊದಲ ಡಿಸ್ಕಿನ ಪೂರ್ತಿ ಉದ್ದವನ್ನು ಎರಡನೆಯದರ ಪ್ರತಿ ಸಾಲಿಗೂ ಕೂಡಿಸಿ, ಆಮೇಲೆ ಜೋಡಿಸಿ, ಕೊನೆಗೆ ಗುಣಿಸಿ. ಮೊದಲೇ ಗುಣಿಸಿ ಆಮೇಲೆ ಕೂಡಿಸಿದರೆ ದ್ವಿತೀಯಾರ್ಧ ಪೂರ್ತಿ ತಪ್ಪುತ್ತದೆ.

ಇಂಡೋನೇಷ್ಯನ್‌ನಲ್ಲಿ ಸಾಲಿಗೆ 42 ಅಕ್ಷರ, ಸೆಕೆಂಡಿಗೆ 17ರ ಆಸುಪಾಸು ಓದಿಸುತ್ತಾರೆ. ಕನ್ನಡಕ್ಕೆ ಆ ಲೆಕ್ಕ ತರಬೇಡಿ. ಒತ್ತಕ್ಷರ, ಗುಣಿತ ಎಲ್ಲವನ್ನೂ ಕಂಪ್ಯೂಟರ್ ಬೇರೆ ಬೇರೆ ಎಣಿಸುತ್ತದೆ. ಒಂದು ಸಾಲಿಗೆ 5–6 ಪದ, ಎರಡು ಸಾಲು ದಾಟದಂತೆ ನೋಡಿಕೊಳ್ಳಿ. ಫೈಲನ್ನು ಕನ್ನಡ ಅಕ್ಷರ ಕೆಡದಂತೆ ಉಳಿಸುವ ಯುಟಿಎಫ್-8 ಪದ್ಧತಿಯಲ್ಲೇ ಉಳಿಸಿ. ಹಳೇ ಪ್ಲೇಯರಿನಲ್ಲಿ ಒತ್ತಕ್ಷರ ಒಡೆದು ಪಕ್ಕದಲ್ಲಿ ಕೂತರೆ ದೋಷ ನಿಮ್ಮ ಫೈಲಿನದ್ದಲ್ಲ, ಪ್ಲೇಯರಿನದ್ದು.

ಹಾರರ್‌ಗೇ ಸೇರಿದ ಎರಡು ಎಚ್ಚರ. ಕಾಯಾಕೋ ಮೆಟ್ಟಿಲಿಂದ ತೆವಳಿ ಇಳಿಯುವುದು ಪರದೆಯ ಕೆಳಭಾಗದಲ್ಲಿ. ಅಲ್ಲಿ ಸಾಲು ಬಿದ್ದರೆ ಕೈ ಮುಚ್ಚಿಹೋಗುತ್ತದೆ, ಆ ಸಾಲುಗಳನ್ನು ಮೇಲಕ್ಕೆ ಏರಿಸಿ. ಕಿವಿ ಕೇಳದವರಿಗಾಗಿ ಸದ್ದನ್ನು ಬರೆಯುವಾಗ ಸದ್ದು ಕೇಳಿದ ಮೇಲೆಯೇ ಬರಲಿ. ‘ಗಂಟಲಿನ ಗೊರಗೊರ’ ಎಂದು ಅರ್ಧ ಸೆಕೆಂಡು ಮೊದಲು ಬಂದರೂ ಶಿಮಿಜು ಕಟ್ಟಿದ್ದೆಲ್ಲ ನೀರುಪಾಲು.

ಹೊಂಗೆ_ನೆರಳು

‘ಜು-ಓನ್’ ಅನ್ನುವುದನ್ನೇ ಕನ್ನಡಕ್ಕೆ ಹೇಗೆ ತರುವುದು, ಅಡಿಬರಹದವರೇ? ‘ಶಾಪ’ ಅಂದರೆ ಸಾಕೇ?

ಅಡಿಬರಹ

ಸಾಲದು. ಶಾಪವನ್ನು ಯಾರೋ ಬಾಯಿಬಿಟ್ಟು ಕೊಡುತ್ತಾರೆ, ಇಂಥವರಿಗೆ ಎಂದು ಕೊಡುತ್ತಾರೆ, ಅದಕ್ಕೆ ವಿಮೋಚನೆಯೂ ಇರುತ್ತದೆ. ಸಿನಿಮಾದ ಆರಂಭದ ಬರಹದಲ್ಲೇ ಜು-ಓನ್ ಏನೆಂದು ಇದೆ: ಕಡುಕೋಪದಲ್ಲಿ ಸತ್ತವರ ಹಗೆ, ಬದುಕಿದ್ದ ಜಾಗದಲ್ಲಿ ಹೆಪ್ಪುಗಟ್ಟುತ್ತದೆ, ತಾಕಿದವರು ಸಾಯುತ್ತಾರೆ, ಅಲ್ಲಿಂದ ಮತ್ತೊಂದು ಹುಟ್ಟುತ್ತದೆ. ಇಂಡೋನೇಷ್ಯನ್‌ನಲ್ಲಿ ‘ಕುತುಕಾನ್’ ಅಂದರೆ ಶಾಪ, ‘ದೆಂಡಮ್’ ಅಂದರೆ ಸೇಡು. ಎರಡೂ ಅರ್ಧರ್ಧ.

ಶರಾವತಿ_ದಡ

ಅಲ್ಲಿನ ಮಾತಿನಲ್ಲಿ ಇದಕ್ಕೆ ಹತ್ತಿರದ್ದು ‘ಕೆತೆಂಪೆಲಾನ್’. ಒಂದು ಜಾಗಕ್ಕೆ ಹೋಗಿ ಬಂದವರಿಗೆ ಅಲ್ಲಿಂದ ಏನೋ ಅಂಟಿಕೊಂಡು ಬರುವುದು. ಮೈಮೇಲೆ ಬರುವುದಲ್ಲ, ಅಂಟಿಕೊಳ್ಳುವುದು ಅಷ್ಟೇ. ಬೆನ್ನು ಭಾರವಾಗುತ್ತದೆ ಅನ್ನುತ್ತಾರೆ.

ಅಡಿಬರಹ

ಹಾಗಾದರೆ ಕನ್ನಡದಲ್ಲಿ ‘ಸೋಂಕು’. ಗಾಳಿ ಸೋಕಿತು, ದೆವ್ವದ ಸೋಂಕು ಅನ್ನುತ್ತೇವಲ್ಲ, ಜ್ವರಕ್ಕೂ ಅದೇ ಮಾತು. ಆರಂಭದ ಬರಹಕ್ಕೆ ‘ಹಗೆಯ ಸೋಂಕು’ ಎಂದು ಹಾಕಿ, ಮುಂದೆ ಬರೀ ‘ಸೋಂಕು’. ಎರಡೇ ಅಕ್ಷರ, ಒಂದು ಸೆಕೆಂಡಿನಲ್ಲಿ ಓದಿಯಾಗುತ್ತದೆ.